ಟ್ಯಾಂಕಿಗೆ ಮೂರು ಗೆರೆ ವಿಭೂತಿ

ಜೂನ್ ೧೬, ಸೋಮವಾರ

ಡೈರಿಯ ಮೊದಲ ಪುಟದಲ್ಲಿ ಹೆಸರು ಬರೆಯಲು ಜಾಗವಿದೆ. ಬರೆದೆ: ಬಾಳಾಸಾಹೇಬ, ಪಿ.ಟಿ. ಮಾಸ್ತರ, ಖಾನಾಪುರ ಹೈಸ್ಕೂಲು. ಮನೆ ಸದಾಶಿವನಗರ, ಬೆಳಗಾವಿ. ಕೆಳಗೆ 'ಗುರುತಿನ ಚಿಹ್ನೆ' ಎಂದಿತ್ತು. 'ದನಿ' ಎಂದು ಬರೆದು ಆಮೇಲೆ ಹೊಡೆದುಹಾಕಿದೆ.

ಕಳೆದ ಗುರುವಾರ ನೆಹರು ನಗರದ ದವಾಖಾನೆಯಲ್ಲಿ ನನ್ನ ಧ್ವನಿತಂತುವಿನ ಮೇಲೆ ಬೆಳೆದಿದ್ದ ಗಂಟನ್ನು ತೆಗೆದರು. ಮೂವತ್ನಾಲ್ಕು ವರ್ಷ ಮೈದಾನದಲ್ಲಿ ಕೂಗಿದ್ದಕ್ಕೆ ಸಿಕ್ಕ ಬಹುಮಾನ ಅದು. ಎರಡು ವಾರ ಒಂದಕ್ಷರ ಆಡಕೂಡದು, ಪಿಸುಗುಟ್ಟಲೂ ಕೂಡದು ಎಂದು ಡಾಕ್ಟರಬಾಯಿ ಹೇಳಿದ್ದಾರೆ. ಆಮೇಲೂ ದನಿ ಮೊದಲಿನ ಹಾಗೆ ಬರುತ್ತದೆಂದು ಅವರು ಮಾತು ಕೊಡಲಿಲ್ಲ.

ನನಗೆ ಬೇಕಾದದ್ದು ಒಂದೇ ದಿನದ ದನಿ, ಆಗಸ್ಟ್ ಹದಿನೈದರದು. ಡಿಸೆಂಬರಿಗೆ ನಾನು ನಿವೃತ್ತ. ಇದೇ ನನ್ನ ಕೊನೆಯ ಸ್ವಾತಂತ್ರ್ಯ ದಿನದ ಕವಾಯತು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಮೈಕು ಮುಟ್ಟಿದವನಲ್ಲ. ಮೈಕು ಭಾಷಣ ಮಾಡುವವರಿಗೆ. ನಾನು 'ಸಾವಧಾನ್' ಅಂದರೆ ಕೊನೆಯ ಸಾಲಿನ ಹುಡುಗನ ಹಿಮ್ಮಡಿ ಕೂಡಬೇಕು, ರಸ್ತೆಯಲ್ಲಿ ಹೋಗುವ ಬಸ್ಸಿನ ಕಂಡಕ್ಟರನೂ ನೆಟ್ಟಗಾಗಬೇಕು.

ಮನೆಯಲ್ಲಿ ಯಾರೂ ಬಹಳ ಮರುಗುತ್ತಿದ್ದಾರೆ ಎನ್ನುವ ಹಾಗಿಲ್ಲ. ಹೆಂಡತಿ ಕಾಂತಾ ನಿನ್ನೆ ಟೀವಿಯ ದನಿಯನ್ನು ಅರ್ಧಕ್ಕೆ ಇಳಿಸಿ, ಈಗ ಇಷ್ಟೇ ಸಾಕು ಎಂದಳು. ಎಂಬತ್ತೆರಡರ ನನ್ನ ಅವ್ವ ಸಿದ್ದಕ್ಕ, ಮನೆ ಇಷ್ಟು ತಣ್ಣಗಿದ್ದದ್ದನ್ನು ತನ್ನ ಮದುವೆಯಾದಾಗಿನಿಂದ ನೋಡಿಲ್ಲವಂತೆ.

ನಿಜವಾದ ಚಿಂತೆ ನನ್ನ ಮಗಳು ನೇತ್ರಾಳದು. ಅವಳಿಗೆ ಮಾತು ತಡೆಯುತ್ತದೆ. ಅದರಲ್ಲೂ 'ಜ' ಬಂದರೆ ಗಾಡಿ ಕೆಸರಿಗೆ ಇಳಿದ ಹಾಗೆ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದಾಳೆ, ಬುದ್ಧಿಗೇನೂ ಕಡಿಮೆಯಿಲ್ಲ. ಚಿಕ್ಕಂದಿನಿಂದ ಅವಳ ಮಾತನ್ನು ನಾನೇ ಮುಗಿಸಿ ಕೊಡುತ್ತ ಬಂದಿದ್ದೇನೆ. ಅವಳು ಶುರು ಮಾಡಿದರೆ ಸಾಕು, ಉಳಿದದ್ದು ನನಗೆ ಗೊತ್ತಾಗುತ್ತದೆ. ಈಗ ಎರಡು ವಾರ ಪಾಪ ಅದರ ಮಾತನ್ನು ಯಾರು ಮುಗಿಸಬೇಕು?

ಜೂನ್ ೧೯, ಗುರುವಾರ

ಅಟ್ಟದಿಂದ ನೇತ್ರಾಳ ಬಾಲ್ಯದ ಪಾಟಿ ಇಳಿಸಿ ಕೊಟ್ಟಿದ್ದಾರೆ, ಮಾತಿದ್ದರೆ ಅದರ ಮೇಲೆ ಬರೆಯಬೇಕಂತೆ. ಅವ್ವನಿಗೆ ಓದು ಬರುವುದಿಲ್ಲ. ಕಾಂತಾಳ ಓದುವ ಚಾಳೀಸು ನಾನು ಪಾಟಿ ಎತ್ತಿದ ಕೂಡಲೇ ಕಳೆದುಹೋಗುತ್ತದೆ.

ಬೇಜಾರಾಗಿ ವರಾಂಡದಲ್ಲಿ ನೇತ್ರಾಳ ಮೀನುಗಳ ಮುಂದೆ ಕುಳಿತೆ. ಮಾತಾಡದವರ ಜೊತೆ ಮಾತಾಡಬಾರದವನು. ಅವಳ ಹತ್ತಿರ ಮೂರು ಗಾಜಿನ ಟ್ಯಾಂಕುಗಳಿವೆ. ಒಂದರಲ್ಲಿ ಎಂಟು ನಿಯಾನ್ ಟೆಟ್ರಾ. ಬೆರಳಿನ ಒಂದು ಗೆಣ್ಣಿನಷ್ಟು ಮೀನು, ಮೈಮೇಲೆ ಹೊಳೆಯುವ ನೀಲಿ ಗೆರೆ, ಬಾಲದ ಕಡೆ ಕೆಂಪು. ಇಷ್ಟು ದಿನ ಇವನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ. 'ಇಷ್ಟು ಸಣ್ಣದನ್ನು ಸಾಕುವುದಾದರೆ ಇರುವೆ ಸಾಕು, ನೀರಿನ ಖರ್ಚಾದರೂ ಉಳಿಯುತ್ತದೆ' ಎಂದು ಹಾಸ್ಯ ಮಾಡುತ್ತಿದ್ದೆ.

ಇವು ಮರಿ ಹಾಕುವುದಿಲ್ಲವೇ ಎಂದು ಪಾಟಿಯ ಮೇಲೆ ಬರೆದೆ. ನೇತ್ರಾ ಹೇಳತೊಡಗಿದಳು. ಮರಿಯಲ್ಲ, ಮೊಟ್ಟೆ ಇಡುತ್ತವೆ. ಇಟ್ಟ ಮೊಟ್ಟೆಯನ್ನು ತಾವೇ ತಿನ್ನುತ್ತವೆ. ಅಂಗಡಿಗೆ ಬರುವುದೆಲ್ಲ ಹೊರಗಿನ ಪಾರ್ಸೆಲ್ಲು, ಇವನ್ನು ಮನೆಯಲ್ಲಿ ಮರಿ ಮಾಡಿಸಿದವರನ್ನು ಬೆಳಗಾವಿಯಲ್ಲಿ ಅವಳು ಕಂಡಿಲ್ಲ. ನೀರು ಮೆತ್ತಗಿರಬೇಕು, ತುಸು ಹುಳಿ ಇರಬೇಕು. ಮೊಟ್ಟೆಗೆ ಬೆಳಕು ಬಿದ್ದರೂ ಕೆಡುತ್ತದೆ.

ಗಡಿಯಾರ ನೋಡಿದೆ, ಇಷ್ಟಕ್ಕೆ ಏಳು ನಿಮಿಷ. ದನಿ ಇದ್ದಿದ್ದರೆ ಒಂದೂವರೆ ನಿಮಿಷದಲ್ಲಿ ಮುಗಿಸಿ ಕೊಡುತ್ತಿದ್ದೆ. ಆದರೆ ಆ ಬೆಳಕಿನ ಮಾತು ಬರುತ್ತಿರಲಿಲ್ಲ, ಅದು ನನಗೆ ಗೊತ್ತಿರಲಿಲ್ಲವಲ್ಲ.

ಜೂನ್ ೨೪, ಮಂಗಳವಾರ

ಮೀನಿನ ಬಾಣಂತನ ನನ್ನ ಉಸ್ತುವಾರಿಗೆ ಬಂದಿದೆ. ನಾನೇ ತೆಗೆದುಕೊಂಡೆ, ಯಾರೂ ಕೊಡಲಿಲ್ಲ. ಸಣ್ಣದೊಂದು ಟ್ಯಾಂಕು ತೊಳೆದು, ತಳದಿಂದ ಬೆರಳೆರಡು ಮೇಲಕ್ಕೆ ಉಳ್ಳಾಗಡ್ಡಿ ಚೀಲದ ಜಾಳಿಗೆ ಕಟ್ಟಿದೆ. ಮೊಟ್ಟೆ ಜಾಳಿಗೆಯಿಂದ ಕೆಳಗೆ ಬೀಳಬೇಕು, ತಾಯಿತಂದೆಯ ಬಾಯಿಗೆ ಸಿಗಬಾರದು. ಸುತ್ತ ಕರಿ ಕಾಗದ ಸುತ್ತಿದೆ. ನಿನ್ನೆ ಸಂಜೆ ಒಂದು ಗಂಡು, ಒಂದು ಹೆಣ್ಣು ಬಿಟ್ಟೆವು. ಬೆಳಿಗ್ಗೆ ಮೊಟ್ಟೆ ಇದ್ದವು! ಸಾಸಿವೆಗಿಂತ ಸಣ್ಣವು, ಗಾಜಿನ ಹಾಗೆ. ಭೂತಗನ್ನಡಿ ಹಿಡಿದು ನೋಡಿ ನಾನು ಎಡವುವಷ್ಟು ಕುಣಿದೆ.

ಸಂಜೆಯ ಹೊತ್ತಿಗೆ ಎಲ್ಲವೂ ಬೆಳ್ಳಗಾಗಿದ್ದವು. ಬೆಳ್ಳಗಾದರೆ ಸತ್ತ ಹಾಗೆ.

ನೇತ್ರಾ ಒಂದು ಲೋಟ ನೀರಿಗೆ ಸಣ್ಣ ಬಾಟಲಿಯಿಂದ ಎರಡು ಹನಿ ಹಾಕಿ ತೋರಿಸಿದಳು. ಹುಳಿ ನೀರಾದರೆ ಹಳದಿ, ಕ್ಷಾರವಾದರೆ ನೀಲಿ. ನಮ್ಮ ನೀರು ನೀಲಿ. ನಮ್ಮ ಬೋರಿನ ನೀರು ಕೊಡದ ತಳಕ್ಕೇ ಬಿಳಿ ಪೊರೆ ಕಟ್ಟುತ್ತದೆ, ಪಾಪದ ಮೊಟ್ಟೆಯ ಗತಿ ಏನು. ಮಳೆನೀರು ಬೇಕಂತೆ, ಹೆಂಚು ತಾರಸಿ ಏನನ್ನೂ ಮುಟ್ಟದೆ ನೇರ ಆಕಾಶದಿಂದ ಬಂದದ್ದು. ಇದನ್ನು ಹೇಳಲು ಐದು ನಿಮಿಷ.

ಕಾಂತಾ ನನ್ನ ಅಂಗಿಗಳ ಕಾಲರಿಗೆ ದಿನವೂ ಬಿಳಿ ಪುಡಿ ಅಂಟಿರುತ್ತದೆಂದು ಗೊಣಗುತ್ತಿದ್ದಾಳೆ. ಈ ವಯಸ್ಸಿನಲ್ಲಿ ಯಾರಿಗೆ ತೋರಿಸಲು ಪೌಡರು ಎಂದು ಕೇಳಿದಳು. ನಾನು ಹಚ್ಚಿಕೊಂಡಿಲ್ಲ ಎಂದು ಬರೆದೆ. ಚಾಳೀಸು ಸಿಗಲಿಲ್ಲ.

ಜೂನ್ ೩೦, ಸೋಮವಾರ

ನನ್ನದೇ ತಪ್ಪು. ಕಳೆದ ಗುರುವಾರ ನಮ್ಮ ಬೀದಿಯಲ್ಲಿ ತರಕಾರಿ ಟೆಂಪೋ ಹಿಂದಕ್ಕೆ ಸರಿಯುತ್ತ ಬರುತ್ತಿತ್ತು, ಚಕ್ರದ ಹತ್ತಿರ ನಾಯಿಮರಿ ಮಲಗಿತ್ತು. 'ಹೋಯ್' ಎಂದುಬಿಟ್ಟೆ. ನಾಯಿಮರಿ ಉಳಿಯಿತು. ನನ್ನ ಗಂಟಲು ಉಳಿಯಲಿಲ್ಲ.

ಇವತ್ತು ಡಾಕ್ಟರಬಾಯಿ ಕ್ಯಾಮೆರಾ ಇಳಿಸಿ ನೋಡಿದರು, ಬಾವು ಕೆಂಪಗಿದೆಯಂತೆ. ಇನ್ನೂ ನಾಲ್ಕು ವಾರ ಮೌನ, ಜುಲೈ ೩೦ಕ್ಕೆ ಮತ್ತೆ ಬರಬೇಕು. ಈ ಸಲ ತಪ್ಪಿದರೆ ಆಗಸ್ಟ್ ಹದಿನೈದನ್ನು ಮರೆತುಬಿಡಿ ಎಂದರು. ಅಲ್ಲೇ ನನಗೆ ಅಳು ಬಂತು. ಬರೆದುಕೊಳ್ಳುವುದರಲ್ಲಿ ನಾಚಿಕೆ ಏನು, ಬಂತು.

ಊಟ, ನಿದ್ರೆ, ಕೆಮ್ಮು ಎಲ್ಲದಕ್ಕೂ ನೇತ್ರಾಳೇ ಉತ್ತರ ಕೊಡಬೇಕಾಯಿತು. ಸಾಮಾನ್ಯವಾಗಿ ಅವಳನ್ನು ದವಾಖಾನೆಗೆ ಕರೆದೊಯ್ದರೆ ನಾನು ಮಾತಾಡುವವನು. ಅವಳು 'ಜ್ವರ ಇಲ್ಲ' ಎನ್ನಲು ಹೊರಟು 'ಜ'ದಲ್ಲಿ ನಿಂತಳು. ಡಾಕ್ಟರಬಾಯಿ ಪೆನ್ನು ಕೆಳಗಿಟ್ಟು ಅವಳ ಮುಖ ನೋಡುತ್ತ ಸುಮ್ಮನೆ ಕುಳಿತರು. ಹೊರಗೆ ಅಷ್ಟು ಜನ ಕಾಯುತ್ತಿದ್ದಾರೆ, ಇವರಿಗೆ ಬೇರೆ ಕೆಲಸವಿಲ್ಲವೇ ಎನಿಸಿತು. ಕೊನೆಗೆ ನೇತ್ರಾ ಹೇಳಿದಳು.

ಜುಲೈ ೫, ಶನಿವಾರ

ಇವತ್ತಿನ ದಿನ ಚೆನ್ನಾಗಿತ್ತು, ಅದಕ್ಕೇ ಬಹಳ ಬರೆಯುತ್ತೇನೆ.

ರಜೆಯ ಅರ್ಜಿ ಕೊಡಲು ನೇತ್ರಾಳ ಜೊತೆ ಖಾನಾಪುರದ ಶಾಲೆಗೆ ಹೋದೆ. ಅವಳೇ ಕಾರು ಓಡಿಸಿದಳು. ನಾನು ಪಕ್ಕದಲ್ಲಿ ಕುಳಿತರೂ ಬ್ರೇಕು, ಗೇರು ಎಂದು ಕೂಗುವಂತಿರಲಿಲ್ಲ. ಎರಡು ಊರುಗಳ ನಡುವೆ ಒಮ್ಮೆಯೂ ಗಾಡಿ ಬಂದ್ ಬೀಳಲು ಬಿಡಲಿಲ್ಲ ಅವಳು. ಯಾವಾಗ ಇಷ್ಟು ಚೆನ್ನಾಗಿ ಕಲಿತಳೋ.

ಮೈದಾನದಲ್ಲಿ ಗಣಿತದ ಮಾಸ್ತರರು ಕವಾಯತು ಮಾಡಿಸುತ್ತಿದ್ದರು. ಹುಡುಗರು ಬಲಕ್ಕೆ ಅಂದರೆ ಎಡಕ್ಕೆ, ಎಡಕ್ಕೆ ಅಂದರೆ ಎರಡೂ ಕಡೆಗೆ. ನನಗೆ ಒಳಗೊಳಗೇ ಸಂತೋಷವಾಯಿತು, ದೇವರು ಕ್ಷಮಿಸಲಿ. ಹೆಡ್ಮಾಸ್ತರ ಗುರುಪುತ್ರಪ್ಪನವರು ನನ್ನ ಕೈ ಹಿಡಿದು, 'ಹದಿನೈದಕ್ಕ ನೀವು ಬರಲೇಬೇಕ್ರಿ ಮಾಸ್ತರ್ರ, ಇಲ್ಲಾಂದ್ರ ನಮ್ಮ ಮಾನ ಹೋಗತೈತಿ' ಎಂದರು. ತಲೆಯಾಡಿಸಿದೆ.

ಶಾಲೆ ಬಿಟ್ಟಮೇಲೆ ಮಳೆನೀರಿಗೆಂದು ನಮ್ಮ ಜವಾನ ಸತ್ಯಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಜಾಂಬೋಟಿ ಕಡೆಯ ಅವನ ಮನೆಗೆ ಹೋದೆವು. ಅಲ್ಲಿ ಮಳೆ ಬರುವುದಲ್ಲ, ಇದ್ದೇ ಇರುತ್ತದೆ. ಗದ್ದೆಯ ಬದುವಿನಲ್ಲಿ ನಾಲ್ಕು ಬೊಂಬು ನೆಟ್ಟು, ಒಗೆದ ಧೋತರವನ್ನು ನಾಲ್ಕು ಮೂಲೆಗೆ ಕಟ್ಟಿ, ನಡುವೆ ಒಂದು ಕಲ್ಲಿಟ್ಟು ಜೋಲುಬಿಟ್ಟರು. ಧೋತರದ ಹೊಟ್ಟೆಯಿಂದ ನೀರು ನೇರ ಡ್ರಮ್ಮಿಗೆ. ಇದು ಸತ್ಯಪ್ಪನ ತಾಯಿ ಸಾವಂತ್ರವ್ವನ ಉಪಾಯ. ಮಳೆಗಾಲದಲ್ಲಿ ಹಳ್ಳದ ನೀರು ಕೆಂಪಾದಾಗ ಕುಡಿಯಲು ಹೀಗೇ ಹಿಡಿಯುತ್ತಿದ್ದರಂತೆ.

ಇಷ್ಟು ದೂರದಿಂದ ನೀರಿಗೆ ಯಾಕೆ ಬಂದಿರಿ ಎಂದು ಆಕೆ ಕೇಳಿದಳು. ಸತ್ಯಪ್ಪ ನನ್ನ ಮುಖ ನೋಡಿದ, ನಾನು ನೇತ್ರಾಳ ಮುಖ ನೋಡಿದೆ. ನೇತ್ರಾ ಹೇಳಿದಳು. ಸಾವಂತ್ರವ್ವ ಒಲೆಯ ಮುಂದೆ ಕೂತು, ನಡುನಡುವೆ ಜೋಳದ ರೊಟ್ಟಿ ತಿರುವುತ್ತ ಎಲ್ಲ ಕೇಳಿಸಿಕೊಂಡಳು. ಹನ್ನೊಂದು ನಿಮಿಷ, ಮೂರು ರೊಟ್ಟಿ. ಕೊನೆಗೆ, 'ಹೆತ್ತವ್ವನೇ ತತ್ತಿ ತಿಂತಾಳಂದ್ರ ಅಕಿಗೆ ಹೊಟ್ಟಿ ತುಂಬ ಹಾಕಿರಂಗಿಲ್ಲ ನೀವು' ಎಂದಳು. ನೇತ್ರಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅದು ನಿಜವೇ ಅಂತೆ, ಜೋಡಿಗೆ ಮೊದಲು ಚೆನ್ನಾಗಿ ತಿನ್ನಿಸಬೇಕಂತೆ.

ಧೋತರದಿಂದ ಬೀಳುವ ನೀರಿಗೆ ಅಲ್ಲಿಯೇ ಹನಿ ಹಾಕಿ ನೋಡಿದೆವು. ಅರಿಶಿನದ ಹಾಗೆ ಹಳದಿ. ಡ್ರಮ್ಮಿನಿಂದ ಕ್ಯಾನುಗಳಿಗೆ ತುಂಬಿಕೊಂಡು ಬಂದೆವು.

ಜುಲೈ ೯, ಬುಧವಾರ

ಮತ್ತೆ ಬೆಳ್ಳಗೆ. ಒಂದೂ ಉಳಿದಿಲ್ಲ.

ಹನಿ ಹಾಕಿದರೆ ಟ್ಯಾಂಕಿನ ನೀರು ನೀಲಿ. ಜಾಂಬೋಟಿಯಲ್ಲಿ ಹಳದಿ ಇದ್ದ ನೀರು ಸದಾಶಿವನಗರದಲ್ಲಿ ನೀಲಿ ಹೇಗಾಯಿತು? ಸತ್ಯಪ್ಪನ ಡ್ರಮ್ಮಿನಲ್ಲಿ ಸುಣ್ಣ ಇದ್ದಿರಬೇಕು. 'ಡ್ರಮ್ ತೊಳೆಯಲು ಬರುವುದಿಲ್ಲವೇ' ಎಂದು ಅವನ ಮೊಬೈಲಿಗೆ ನಾಲ್ಕು ಸಾಲು ಖಾರವಾಗಿ ಬರೆದು ಕಳಿಸಿದೆ. ಆ ಡ್ರಮ್ಮಿನ ನೀರನ್ನು ತನ್ನ ತಾಯಿ ಕುಡಿಯುತ್ತಾಳೆಂದು ಅವನ ಉತ್ತರ ಬಂತು. ಮೊಬೈಲನ್ನು ಮಗುಚಿಟ್ಟೆ.

ಸಿಟ್ಟು ಬಂದಾಗ ಕೂಗಲಾಗದಿದ್ದರೆ ಅದು ಹೊಟ್ಟೆಯಲ್ಲೇ ಹುಳಿಯುತ್ತದೆ. ಉಳಿದ ಕ್ಯಾನಿನ ನೀರಿಗೆ ಹನಿ ಹಾಕಿದರೆ ಹಳದಿಯೇ ಇತ್ತು, ಅದನ್ನು ತುಂಬಿ ಟ್ಯಾಂಕನ್ನು ಮತ್ತೆ ಅಣಿ ಮಾಡಿದ್ದೇವೆ.

ಜುಲೈ ೧೧, ಶುಕ್ರವಾರ

ಕಳ್ಳ ಸಿಕ್ಕ. ಕಳ್ಳಿ ಎನ್ನಬೇಕು.

ಬೆಳಿಗ್ಗೆ ಬೇಗ ಎಚ್ಚರವಾಗಿ ವರಾಂಡದ ಕುರ್ಚಿಯಲ್ಲಿ ಕುಳಿತಿದ್ದೆ. ಅವ್ವ ಒಳಗೆ ಲಿಂಗಪೂಜೆ ಮುಗಿಸಿ, ಬೆರಳಲ್ಲಿ ವಿಭೂತಿ ಹಿಡಿದು ಮೆಲ್ಲಗೆ ಬಂದಳು. ಟ್ಯಾಂಕಿನ ಕರಿ ಕಾಗದದ ಅಂಚೆತ್ತಿ ಒಂದು ಚಿಟಿಕೆ ನೀರಿಗೆ ಉದುರಿಸಿ, ಬಾಣಂತಿಗೆ ದೃಷ್ಟಿಯಾಗದಿರಲಿ ಎಂದು ಏನೋ ಗುನುಗಿದಳು. ನಿತ್ಯ ಮಾಡುವವರ ಕೈಯ ಹಾಗೆ ಇತ್ತು ಅದು.

ನಾನು ಎದ್ದು ನಿಂತೆ. ಬಾಯಿ ತೆರೆದೆ. ದನಿಯಿದ್ದಿದ್ದರೆ ಓಣಿಯೆಲ್ಲ ಏಳುತ್ತಿತ್ತು, ಅವ್ವ ವಿಭೂತಿ ಬಟ್ಟಲು ಬಿಟ್ಟು ಅಲ್ಲೇ ಕುಸಿಯುತ್ತಿದ್ದಳು. ಡಾಕ್ಟರಬಾಯಿ ನೆನಪಾಗಿ ಬಾಯಿ ತೆರೆದದ್ದು ಹಾಗೇ ಉಳಿಯಿತು. ಅಷ್ಟರಲ್ಲಿ ಅವ್ವ ನನ್ನ ಹತ್ತಿರ ಬಂದಳು. ಉಳಿದ ವಿಭೂತಿಯನ್ನು ನನ್ನ ಗಂಟಲಿಗೆ ಹಚ್ಚಿದಳು.

'ದಿನಾ ನೀ ಮಲಗಿದ್ದಾಗ ಹಚ್ಚತೇನಿ ಬಾಳಾ. ಇವತ್ತ ಎದ್ದ ಕುಂತೀ' ಎಂದಳು. 'ಮೀನಿಗೂ ನಿನಗೂ ಕೂಡೇ ಬೇಡಿಕೊಂಡೇನಿ.'

ಕಾಲರಿನ ಪೌಡರು ಅದು. ತಿಂಗಳಾಯಿತು, ಈ ಮುದುಕಿ ದಿನವೂ ನನ್ನ ಗಂಟಲು ಮುಟ್ಟಿ ಹೋಗುತ್ತಿದ್ದಾಳೆ, ನನಗೆ ಗೊತ್ತೇ ಇಲ್ಲ.

ಅವ್ವನಿಗೆ ಹೇಳುವುದು ಹೇಗೆ? ಪಾಟಿ ನಡೆಯುವುದಿಲ್ಲ. ನೇತ್ರಾಳನ್ನು ಎಬ್ಬಿಸಿ ಬರೆದು ತೋರಿಸಿದೆ. ಅವಳು ಜಾಂಬೋಟಿ ನೀರಿನ ಎರಡು ಲೋಟ ಅವ್ವನ ಮುಂದೆ ಇಟ್ಟಳು. ಎರಡಕ್ಕೂ ಹನಿ ಹಾಕಿದಳು, ಎರಡೂ ಹಳದಿ. ಒಂದಕ್ಕೆ ಅವ್ವನ ಕೈಯಿಂದಲೇ ವಿಭೂತಿ ಹಾಕಿಸಿ ಕಲಕಿದಳು. ಅದು ಹಸಿರಾಗಿ, ನೋಡನೋಡುತ್ತ ನೀಲಿಯಾಯಿತು. ವಿಭೂತಿ ಬೂದಿಯಲ್ಲವೇ, ಬೂದಿಗೆ ಕ್ಷಾರದ ಗುಣ, ಮಳೆನೀರು ಚಿಟಿಕೆಗೇ ತಿರುಗುತ್ತದೆ ಎಂದು ನಿಧಾನವಾಗಿ ಹೇಳಿದಳು. ಅವ್ವನಿಗೆ ಆತುರವೇನೂ ಇರಲಿಲ್ಲ. ಎಂಬತ್ತೆರಡಾದವರಿಗೆ ಎಲ್ಲಿಗೆ ಹೋಗಬೇಕಾಗಿದೆ. ತಿಳಿದಾಗ ಮುಖ ಸಣ್ಣದಾಯಿತು.

'ಹಂಗಾರ ನಾನ ಕೊಂದಂಗ ಆತಲ್ಲವಾ' ಎಂದಳು.

ನೇತ್ರಾ ಅವಳ ಬೆರಳು ಹಿಡಿದುಕೊಂಡಳು. 'ಇಲ್ಲ ಆಯಿ. ನೀರಿಗೆ ಬ್ಯಾಡ, ಗಾ... ಗಾಜಿಗೆ ಹಚ್ಚು. ಹೊರಗಿಂದ.'

ಅವ್ವ ಕರಿ ಕಾಗದದ ಮೇಲೆ ಮೂರು ಬೆರಳಿನಿಂದ ಮೂರು ಗೆರೆ ಎಳೆದಳು. ಈಗ ನಮ್ಮ ಟ್ಯಾಂಕು ಮಠಕ್ಕೆ ಹೊರಟ ಸ್ವಾಮಿಯ ಹಾಗೆ ಕಾಣುತ್ತಿದೆ.

ಜುಲೈ ೧೩, ಭಾನುವಾರ

ಮತ್ತೆ ಜಾಂಬೋಟಿ, ನೀರಿಗೂ ಹೌದು, ಮರ್ಯಾದೆಗೂ ಹೌದು. ಪಾಟಿಯ ಮೇಲೆ ದಪ್ಪಗೆ 'ತಪ್ಪು ನನ್ನದು' ಎಂದು ಬರೆದು ಸತ್ಯಪ್ಪನ ಮುಂದೆ ಹಿಡಿದೆ. ಇಪ್ಪತ್ತೆರಡು ವರ್ಷ ನನ್ನ ಕೈಕೆಳಗೆ ಗಂಟೆ ಹೊಡೆದವನು. ಎರಡು ಸಲ ಓದಿದ.

'ಸರ, ಈ ಪಾಟಿ ನಾ ಇಟ್ಕೋಳ್ಳೇನ್ರಿ?' ಎಂದ. 'ಇಲ್ಲಾಂದ್ರ ಯಾರೂ ನಂಬಂಗಿಲ್ರಿ.'

ಕೊಡಲಿಲ್ಲ. ಸಾವಂತ್ರವ್ವ ಮೂರು ಕ್ಯಾನು ತುಂಬಿಸಿ, ಮೀನಿಗೆಂದು ಒಂದು ಬೊಗಸೆ ಸೊಳ್ಳೆಮರಿಯನ್ನೂ ಹಿಡಿದಿಟ್ಟಿದ್ದಳು. ಆಕೆ ಮತ್ತು ನೇತ್ರಾ ಗದ್ದೆಯ ಬದುವಿನಲ್ಲಿ ಬಹಳ ಹೊತ್ತು ಮಾತಾಡುತ್ತ ನಿಂತಿದ್ದರು.

ಜುಲೈ ೧೬, ಬುಧವಾರ

ಮೊಟ್ಟೆ! ತಾಯಿತಂದೆ ಹೊರಗೆ. ನೀರು ಹಳದಿ. ವರಾಂಡದ ದೀಪ ಹಾಕಕೂಡದೆಂದು ಆಜ್ಞೆ.

ಜುಲೈ ೧೭, ಗುರುವಾರ

ಬೆಳ್ಳಗಾದವು ಏಳೆಂಟು. ಉಳಿದವು ಒಡೆದಿವೆ. ಕನ್ನಡಿಯ ಮೇಲೆ ಮುರಿದ ರೆಪ್ಪೆಗೂದಲು ಅಂಟಿದ ಹಾಗೆ ಗಾಜಿಗೆ ನೇತಾಡುತ್ತಿವೆ. ಕಾಂತಾ ತಾನಾಗಿ ಚಾಳೀಸು ಹುಡುಕಿ ತಂದು ನೋಡಿದಳು. ಅವ್ವನಿಗೆ ಕಾಣಲಿಲ್ಲ, ಕಂಡವು ಎಂದಳು.

ಜುಲೈ ೨೨, ಮಂಗಳವಾರ

ನಿನ್ನೆಯಿಂದ ಈಜುತ್ತಿವೆ. ಈಗ ಊಟದ ಪ್ರಶ್ನೆ. ಕೆಲವರು ಬೇಯಿಸಿದ ಕೋಳಿಮೊಟ್ಟೆಯ ಹಳದಿ ಕದಡಿ ಹಾಕುತ್ತಾರಂತೆ. ಈ ಮನೆಯ ಹೊಸ್ತಿಲನ್ನು ಇವತ್ತಿನವರೆಗೆ ಮೊಟ್ಟೆ ದಾಟಿಲ್ಲ. ಮೀನು ತಾನೇ ಒಳಗೆ ಇಟ್ಟ ಮೊಟ್ಟೆಗೆ ಅವ್ವನ ತಕರಾರಿಲ್ಲ, ಅದು ಬಾಣಂತನದ ಖಾತೆ. ಕೋಳಿಯದು ಬೇರೆ. ಆದ್ದರಿಂದ ನೇತ್ರಾ ಹದಿನೈದು ದಿನದಿಂದ ಆಲೂಗಡ್ಡೆ ತುಂಡನ್ನು ನೀರಲ್ಲಿ ಕೊಳೆಸಿ, ಕಣ್ಣಿಗೆ ಕಾಣದ ಹುಳ ಬೆಳೆಸಿದ್ದಾಳೆ. ಅದರ ವಾಸನೆಗೆ ಕಾಂತಾ ಅಡಿಗೆಮನೆಯಿಂದ ಬಾಟಲಿಯನ್ನು ಗಡಿಪಾರು ಮಾಡಿದಳು, ಈಗ ಅದು ನನ್ನ ಹಾಸಿಗೆಯ ಪಕ್ಕದ ಕಿಟಕಿಯಲ್ಲಿದೆ. ದಿನಕ್ಕೆ ನಾಲ್ಕು ಸಲ, ಹನಿ ಹನಿ. ನಾನೇ ಹಾಕುತ್ತೇನೆ.

ಮಧ್ಯಾಹ್ನ ಕಾಂತಾ ಸಂಭ್ರಮಕ್ಕೆಂದು ಜಿಲೇಬಿ ತರಿಸಿದಳು. ನೇತ್ರಾಳಿಗೆ ಚಿಕ್ಕಂದಿನಿಂದ ಜಿಲೇಬಿ ಪ್ರೀತಿ. ಸಂತೆಗೆ ಕರೆದೊಯ್ದಾಗ 'ಜ' ಅಂದರೆ ಸಾಕು, ನಾನು ಕಾಲು ಕಿಲೋ ಕಟ್ಟಿಸಿಬಿಡುತ್ತಿದ್ದೆ. ಇವತ್ತು ತಟ್ಟೆಯನ್ನು ಸರಿಸಿ ನಗುತ್ತ ಹೇಳಿದಳು, 'ಖರೇ ಹೇಳಬೇಕಂದ್ರ ಅಪ್ಪಾಜಿ, ನನಗ ಜ... ಜ... ಜಾಮೂನು ಬೇಕಾಗಿರ್ತಿತ್ತು.'

ಕಾಂತಾ ಹೊಟ್ಟೆ ಹಿಡಿದು ನಕ್ಕಳು. ನಾನೂ ದನಿ ಬರದ ಹಾಗೆ ನಕ್ಕೆ. ಆಮೇಲೆ ಮರಿಗಳಿಗೆ ಹನಿ ಹಾಕುತ್ತ ಲೆಕ್ಕ ಹಾಕಿದೆ, ಇಪ್ಪತ್ತು ವರ್ಷದ ಜಿಲೇಬಿ. ಅಷ್ಟೂ ತಿಂದಿದ್ದಾಳೆ, ಒಂದು ದಿನ ಬೇಡ ಎನ್ನಲಿಲ್ಲ. ಇನ್ನೇನೇನು ನಾನು ತಪ್ಪಾಗಿ ಮುಗಿಸಿದ್ದೇನೋ. ಸಂಜೆ ನಾನೇ ನಡೆದು ಹೋಗಿ ಜಾಮೂನು ತಂದೆ. ಅಂಗಡಿಯವನಿಗೆ ಬೆರಳು ತೋರಿಸಿದರೆ ತಿಳಿಯುತ್ತದೆ.

ಜುಲೈ ೩೦, ಬುಧವಾರ

ದನಿ ಬಂತು, ಕೂಗು ಹೋಯ್ತು.

ಡಾಕ್ಟರಬಾಯಿ 'ಆ' ಅನ್ನಿ ಎಂದರು. ಅಂದೆ. ಯಾರೋ ಪಕ್ಕದ ಕೋಣೆಯಲ್ಲಿ ಮಾತಾಡಿದ ಹಾಗೆ ಕೇಳಿತು. ತಂತು ಚೆನ್ನಾಗಿ ಮಾಯ್ದಿದೆ, ಮೆಲ್ಲಗೆ ಎಷ್ಟು ಬೇಕಾದರೂ ಮಾತಾಡಬಹುದು, ಆದರೆ ಇನ್ನು ಮುಂದೆ ಕೂಗುವಂತಿಲ್ಲ, ಯಾವತ್ತೂ ಇಲ್ಲ ಎಂದರು. ಆಗಸ್ಟ್ ಹದಿನೈದು ಎಂದೆ. ಅವರು ತಲೆ ಅಡ್ಡ ಆಡಿಸಿದರು.

ವಾಪಸು ಬರುವಾಗ ಕಾರಿನಲ್ಲಿ, ಮೈಕು ಹಿಡಿಯಬಹುದಲ್ಲ ಎಂದು ನೇತ್ರಾ ಹೇಳಿದಳು. ಮೂವತ್ನಾಲ್ಕು ವರ್ಷದ ಮರ್ಯಾದೆಯನ್ನು ಒಂದು ಬ್ಯಾಟರಿಗೆ ಒಪ್ಪಿಸಲೇ ಎಂದು ಕೇಳಿದೆ. ಅವಳು ರಸ್ತೆ ನೋಡುತ್ತ, ಮಳೆನೀರನ್ನು ಕೇಳಲು ಜಾಂಬೋಟಿವರೆಗೆ ಹೋದವರಿಗೆ ಮೈಕು ಕೇಳಲು ಏನು ನಾಚಿಕೆ ಎಂದಳು. ತಡೆದು ತಡೆದೇ ಹೇಳಿದಳು, ಆದರೆ ಪೂರ್ತಿ ಹೇಳಿದಳು. ಈ ಹುಡುಗಿ ಇಷ್ಟು ಮಾತಾಡುವುದನ್ನು ಎಲ್ಲಿ ಕಲಿತಳೋ ತಿಳಿಯದು, ಅವ್ವನ ಕಡೆಯಿಂದ ಬಂದಿರಬೇಕು.

ಮನೆಗೆ ಬಂದು ಅವ್ವನ ಮುಂದೆ ಕುಳಿತು 'ಅವ್ವಾ' ಎಂದೆ. ಏಳು ವಾರಗಳ ನಂತರ ಅವಳಿಗೆ ಆಡಿದ ಮೊದಲ ಮಾತು. ವಿಭೂತಿಯ ಕೈಯಿಂದ ನನ್ನ ಮುಖವನ್ನೆಲ್ಲ ಬೆಳ್ಳಗೆ ಮಾಡಿದಳು.

ಆಗಸ್ಟ್ ೧೫, ಶುಕ್ರವಾರ

ಮೈದಾನದಲ್ಲಿ ಜಿಟಿಜಿಟಿ ಮಳೆ, ಹುಡುಗರ ಬಿಳಿ ಬೂಟೆಲ್ಲ ಕೆಮ್ಮಣ್ಣು. ಗುರುಪುತ್ರಪ್ಪನವರು ತಾವೇ ಮೈಕು ತಂದು ಕೈಗಿಟ್ಟರು. ಚಟ್ನಿ ಬಡಿಸು ಎನ್ನುವಷ್ಟು ದನಿಯಲ್ಲಿ 'ಸಾವಧಾನ್' ಎಂದೆ. ಎಲ್ಲ ಹಿಮ್ಮಡಿಗಳೂ ಒಂದೇ ಸಲ ಕೂಡಿದವು. ಕೊನೆಯ ಸಾಲೂ ಕೂಡಿತು. ನನ್ನ ಕಣ್ಣು ತುಂಬಿತು, ಮಳೆಯಿದ್ದದ್ದರಿಂದ ಯಾರಿಗೂ ತಿಳಿಯಲಿಲ್ಲ.

ಧ್ವಜಸ್ತಂಭದ ಹತ್ತಿರ ಸತ್ಯಪ್ಪ ಬಂದ. 'ಸರ, ಇವತ್ತ ಹುಡುಗೂರು ಕೇಳಿದ್ರು ನೋಡ್ರಿ. ಇಷ್ಟ ವರ್ಷ ಬರೇ ಅಂಜತಿದ್ರು' ಎಂದ. ಹೊಗಳಿದನೋ ಬೈದನೋ ಗೊತ್ತಾಗಲಿಲ್ಲ. ಪಾಟಿಯನ್ನು ಅವನಿಗೆ ಕೊಟ್ಟುಬಿಟ್ಟೆ, ಇನ್ನು ನನಗೆ ಬೇಕಾಗಿಲ್ಲ.

ನೇತ್ರಾ ಮರಿಗಳಲ್ಲಿ ಆರನ್ನು ಗಾಜಿನ ಬರಣಿಯಲ್ಲಿ ತಂದಿದ್ದಳು. ಮೊನ್ನೆಯಿಂದ ಅವುಗಳ ಮೈಮೇಲೆ ನೀಲಿ ಗೆರೆ ಮೂಡಿದೆ, ದಾರದ ಎಳೆಯಷ್ಟು. ಸಭೆ ತಗಡಿನ ಮಾಡಿನ ಹಾಲ್‌ನಲ್ಲಿತ್ತು. ಮೀನಿನ ಸುದ್ದಿಯನ್ನು ಸತ್ಯಪ್ಪ ಶಾಲೆಗೆಲ್ಲ ಸಾರಿದ್ದ. ಮಾಸ್ತರರು ಮಕ್ಕಳಿಗೆ ಎರಡು ಮಾತು ಹೇಳಬೇಕೆಂದು ಗುರುಪುತ್ರಪ್ಪನವರು ಕರೆದರು. ನಾನು ಎರಡು ಪುಟ ಬರೆದುಕೊಂಡು ಬಂದಿದ್ದೆ. ಎದ್ದೆ. ನೇತ್ರಾಳೂ ಎದ್ದಳು.

'ಅಪ್ಪಾಜಿ, ನಾ ಹೇಳ್ತೇನ್ರಿ' ಎಂದಳು.

ಅವಳ ಎರಡೂ ಕೈಯಲ್ಲಿ ಬರಣಿ. ಹಾಗಾಗಿ ಮೈಕನ್ನು ನಾನೇ ಅವಳ ಬಾಯಿಯ ಹತ್ತಿರ ಹಿಡಿದು ನಿಂತೆ.

ಬೋರಿನ ನೀರಿನ ಕಥೆ ಹೇಳಿದಳು, ಬೆಳಕಿನ ಕಥೆ ಹೇಳಿದಳು, ಅವಳ ಆಯಿಯ ವಿಭೂತಿಯದೂ ಹೇಳಿದಳು. ಮಕ್ಕಳು ನಕ್ಕರು. ಮಾತು ಅಲ್ಲಲ್ಲಿ ತಡೆಯಿತು, ಮತ್ತೆ ಹೊರಟಿತು. ಕೊನೆಗೆ, ಈ ಮರಿಗಳು ಬದುಕಿದ್ದು ನಿಮ್ಮ ಊರ ಕಡೆಯ ನೀರಿನಿಂದ, ಆ ನೀರು ಬಂದದ್ದು ಎಲ್ಲಿಂದ ಗೊತ್ತೇ, ಎಂದು ಕೇಳಿದಳು. 'ಜ' ಎಂದಳು. ನಿಂತಳು.

ಮತ್ತೆ 'ಜ' ಎಂದಳು. ಬರಣಿಯ ನೀರು ಅಲುಗಿತು.

ಮುಂದಿನ ಸಾಲಿನಲ್ಲಿ ಆ ಊರಿನ ಮಕ್ಕಳೇ ಕುಳಿತಿದ್ದರು. ಅವರಿಗೆ ತಿಳಿದುಹೋಗಿತ್ತು, ಒಂದಿಬ್ಬರು ಕೂಗಲು ಬಾಯಿ ತೆರೆದಿದ್ದರು. ನನಗೂ ಗೊತ್ತಿತ್ತು. ದನಿ ಇತ್ತು. ಮೈಕು ನನ್ನ ಕೈಯಲ್ಲೇ ಇತ್ತು.

ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲೆ ಇಟ್ಟು ಮಕ್ಕಳ ಕಡೆ ನೋಡಿದೆ. ಬಾಯಿ ತೆರೆದವರು ಮುಚ್ಚಿದರು. ಇಡೀ ಹಾಲ್ ಸುಮ್ಮನಾಯಿತು. ತಗಡಿನ ಮೇಲೆ ಮಳೆಯ ಸದ್ದೊಂದೇ ಇತ್ತು.

'ಜಾಂಬೋಟಿ' ಎಂದಳು ನೇತ್ರಾ.

ಆ ಊರಿನ ಮಕ್ಕಳು ಹೊಡೆದ ಚಪ್ಪಾಳೆಗೆ ಮೀನಿನ ಮರಿಗಳು ಬರಣಿಯ ತಳಕ್ಕೆ ಓಡಿದವು. ಅವಳು ಎಷ್ಟು ನಿಮಿಷ ಮಾತಾಡಿದಳು ಎಂದು ಮನೆಗೆ ಬಂದಮೇಲೆ ಕಾಂತಾ ಕೇಳಿದಳು. ಹೇಳಲಾಗಲಿಲ್ಲ, ಗಡಿಯಾರ ನೋಡಿರಲಿಲ್ಲ. ಬಲಗೈ ಮಾತ್ರ ಈಗಲೂ ನೋಯುತ್ತಿದೆ. ಮೈಕನ್ನು ಒಂದೇ ಸಮ ಹಿಡಿದು ನಿಂತದ್ದಕ್ಕೆ ಇರಬೇಕು.